ಮಾವನ ಫೋನಿನಲ್ಲಿ ಜಾಗವಿಲ್ಲ

ನಮ್ಮೂರು ಆದವಾನಿಗೆ ಮಳೆ ಕೈಕೊಡುತ್ತದೆ, ಹತ್ತಿಯ ರೇಟು ಕೈಕೊಡುತ್ತದೆ, ಬೇಸಿಗೆ ಬಂತೆಂದರೆ ನಲ್ಲಿಯೂ ಕೈಕೊಡುತ್ತದೆ. ಒಂದು ದಿನವೂ ಕೈಕೊಡದೆ ಬರುವುದು ಗುಡ್ ಮಾರ್ನಿಂಗ್ ಚಿತ್ರ ಒಂದೇ. ಸೋಮವಾರ ಈಶ್ವರ, ಮಂಗಳವಾರ ರಣಮಂಡಲದ ಆಂಜನೇಯ, ಗುರುವಾರ ಮಂತ್ರಾಲಯದ ರಾಯರು, ಶುಕ್ರವಾರ ಮಹಾಲಕ್ಷ್ಮಿಯೂ ಜುಮ್ಮಾ ಮುಬಾರಕ್ಕೂ ಜೊತೆಜೊತೆಗೆ, ಶನಿವಾರ ತಿರುಪತಿ ತಿಮ್ಮಪ್ಪ. ಭಾನುವಾರ ದೇವರಿಗೆಲ್ಲ ರಜೆ. ಅವತ್ತು ಕಾಫಿ ಕಪ್ಪಿನ ಪಕ್ಕ ಒಂದು ಗುಲಾಬಿ. ನಮ್ಮದು ಮೂರು ಭಾಷೆ ಕಲೆತ ಊರು. ಹಾಗಾಗಿ ಅದೇ ಗುಲಾಬಿ ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ಅರಳುತ್ತದೆ. ಗುಲಾಬಿಗೆ ಭಾಷೆಯ ಹಂಗಿಲ್ಲ, ಫೋನಿಗೆ ಇದೆ. ಮೇಲೆ ಬರೆದ ಅಕ್ಷರ ಬದಲಾಯಿತೆಂದರೆ ಅದರ ಲೆಕ್ಕದಲ್ಲಿ ಮೂರೂ ಬೇರೆ ಚಿತ್ರ. ಮೂರಕ್ಕೂ ಬೇರೆ ಜಾಗ ಬೇಕು.

ಇದು ನಮ್ಮೂರಿಗೊಂದೇ ಅಂಟಿದ ಚಟ ಅಂತ ನಾಚಿಕೊಳ್ಳಬೇಕಾಗಿಲ್ಲ. ದೇಶಕ್ಕೆ ದೇಶವೇ ನಮ್ಮ ಜೊತೆಗಿದೆ. ಭಾರತದ ಫೋನುಗಳು ಯಾಕೆ ಹೀಗೆ ಏದುಸಿರು ಬಿಡುತ್ತಾ ನಿಂತುಬಿಡುತ್ತವೆ ಅಂತ ಗೂಗಲ್‌ನವರು ತನಿಖೆಗೆ ಇಳಿದಾಗ ಸಿಕ್ಕಿಬಿದ್ದದ್ದು ಇದೇ ಗುಲಾಬಿ, ಇದೇ ಸೂರ್ಯೋದಯ. 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಈ ಕತೆಯನ್ನು ಬರೆಯಿತು. ಹಾರ್ಡ್ ಡಿಸ್ಕು, ಮೆಮೊರಿ ಕಾರ್ಡು ಮಾಡುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಲೆಕ್ಕವೂ ಅದರಲ್ಲಿತ್ತು: ಅಮೆರಿಕದಲ್ಲಿ ಹತ್ತು ಜನರಲ್ಲಿ ಒಬ್ಬರ ಫೋನಿನಲ್ಲಿ ದಿನವೂ ಜಾಗ ಮುಗಿದರೆ, ಭಾರತದಲ್ಲಿ ಮೂವರಲ್ಲಿ ಒಬ್ಬರದು ಮುಗಿಯುತ್ತಿತ್ತಂತೆ. ಈ ಕಸ ಗುಡಿಸಲೆಂದೇ ಗೂಗಲ್ 2017ರ ಡಿಸೆಂಬರಿನಲ್ಲಿ ಫೈಲ್ಸ್ ಗೋ ಅನ್ನುವ ಆ್ಯಪನ್ನು ಹೊರತಂದಿತ್ತು. ಲೋಕದ ಜ್ಞಾನವನ್ನೆಲ್ಲ ಜೋಡಿಸಿಡಲು ಹೊರಟವರ ಕೈಗೆ ನಾವು ಪೊರಕೆ ಕೊಟ್ಟೆವು. ಸಾಮಾನ್ಯ ಸಾಧನೆಯೇ!

ಆ ಮೂವರಲ್ಲಿ ಒಬ್ಬರು ನಮ್ಮ ಸೋದರಮಾವ. ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡು ತಲೆ ಬೆಳ್ಳಗಾಗಿಸಿಕೊಂಡವರು. ಕೈಗೆ ಬಂದದ್ದನ್ನು ಬಿಟ್ಟು ಗೊತ್ತಿಲ್ಲ. ಎಂದೋ ಮುಚ್ಚಿದ ಜಿನ್ನಿಂಗ್ ಮಿಲ್ಲಿನ ಕ್ಯಾಲೆಂಡರಿನಿಂದ ಹಿಡಿದು ಮದುವೆ ಮನೆಯ ತಾಂಬೂಲದ ಚೀಲದವರೆಗೆ ಎಲ್ಲಕ್ಕೂ ಅವರ ಮನೆಯಲ್ಲಿ ಜಾಗ ಉಂಟು. ಫೋನು ಮಾತ್ರ ಮೂರು ಹೊತ್ತೂ ‘ಸ್ಟೋರೇಜ್ ಫುಲ್’ ಅಂತ ರಾಗ ಎಳೆಯುತ್ತದೆ. “ಅರವತ್ನಾಲ್ಕು ಜಿಬಿ ಅಂತ ಹೇಳಿ ಕೊಟ್ಟಾನೆ, ತೂಕದಾಗೆ ಹೊಡೆದಾನೆ” ಅಂತ ಮಾರಿದವನ ಮೇಲೆಯೇ ಅವರ ಗುಮಾನಿ. ಜೀವಮಾನವೆಲ್ಲ ಕಾಟಾದ ಮುಂದೆ ಕಳೆದವರಿಗೆ ಬೇರೆ ಗುಮಾನಿ ಬರುವುದಾದರೂ ಹೇಗೆ?

ಬೆಂಗಳೂರಿನಲ್ಲಿ ಆ್ಯಪ್ ಬರೆಯುವ ಅವರ ಮೊಮ್ಮಗ ದಸರಾ ರಜೆಗೆ ಬಂದವನು ಫೋನು ಇಸಿದುಕೊಂಡು ಸೆಟ್ಟಿಂಗ್ಸ್ ಒಳಗೆ ಇಳಿದ. ಯಾವುದೋ ಅಂಗಡಿಯ ಆ್ಯಪು. ಅದರ ಮೈತೂಕ ಅರವತ್ತು ಎಂಬಿ, ಅದು ಹಿಡಿದು ಕೂತ ಜಾಗ ಒಂದು ಜಿಬಿಗೂ ಮೇಲೆ.

“ನಾನು ಅದರಾಗೆ ಒಂದು ಫೋಟೋನೂ ಇಟ್ಟಿಲ್ಲಲ್ಲೋ!” ಅಂದರು ಮಾವ.

“ನೀನು ಇಟ್ಟಿಲ್ಲ ತಾತ, ಅದೇ ಇಟ್ಕೊಂಡೈತೆ.”

“ಯಾರನ್ನ ಕೇಳಿ?”

“ಕೇಳಂಗಿಲ್ಲ ತಾತ. ಕೇಳ್ತಾ ಕೂತ್ರೆ ನಿನ್ನ ಫೋನು ಓಡಂಗಿಲ್ಲ.”

ಹುಡುಗ ಹೇಳಿದ್ದು ನಿಜ. ಆ್ಯಪಿನಲ್ಲಿ ನೀವು ಒಂದು ಸೀರೆಯ ಚಿತ್ರ ನೋಡುತ್ತೀರಿ. ಆ ಚಿತ್ರ ಇರುವುದು ಎಲ್ಲೋ ದೂರದ ಸರ್ವರಿನಲ್ಲಿ. ಅಲ್ಲಿಂದ ಅದನ್ನು ಹೊತ್ತು ತಂದು ನಿಮಗೆ ತೋರಿಸಿ ಆ್ಯಪು ಸುಮ್ಮನಾಗುವುದಿಲ್ಲ. ನಿಮ್ಮ ಫೋನಿನೊಳಗೇ ತನ್ನ ಪಾಲಿನ ಒಂದು ಮೂಲೆಯಲ್ಲಿ ಪ್ರತಿ ಇಟ್ಟುಕೊಳ್ಳುತ್ತದೆ. ನೀವು ಕೆಳಗೆ ಹೋಗಿ, ಆ ಸೀರೆಯೇ ಚೆನ್ನಾಗಿತ್ತು ಅಂತ ವಾಪಸು ಮೇಲೆ ಬರುತ್ತೀರಲ್ಲ, ಆಗ ಮತ್ತೆ ಸರ್ವರಿನ ತನಕ ಹೋಗುವ ಕೆಲಸವಿಲ್ಲ. ಇದಕ್ಕೇ ಕ್ಯಾಶಿಂಗ್ ಅನ್ನುವುದು, ಆ ಮೂಲೆಗೆ ಕ್ಯಾಶು ಅಂತ ಹೆಸರು. ಆ ಮೂಲೆ ನಿಮ್ಮ ಗ್ಯಾಲರಿಯಲ್ಲಿ ಕಾಣುವುದಿಲ್ಲ. ಅಲ್ಲಿ ಚಿತ್ರಗಳಿಗೆ ಸೀರೆ, ಕುಬಸ ಅಂತ ಹೆಸರೂ ಇರುವುದಿಲ್ಲ. ಚಿತ್ರದ ವಿಳಾಸವನ್ನೇ ಅರೆದು ಕಲಸಿ ಮಾಡಿದ ಉದ್ದನೆಯ, ಅ ಆ ಇಲ್ಲದ ಹೆಸರು. ಮುಂದಿನ ಸಲ ಅದೇ ವಿಳಾಸ ಬಂದರೆ ಅರೆದಾಗ ಅದೇ ಹೆಸರು ಬರುತ್ತದೆ, ಆ ಹೆಸರಿನ ಚಿತ್ರ ಒಳಗಿದ್ದರೆ ಎತ್ತಿ ತೋರಿಸಿಬಿಡುತ್ತದೆ.

ನಂಬಿಕೆ ಬಾರದ ಮಾವನಿಗೆ ಹುಡುಗ ತಾನು ಬರೆಯುತ್ತಿದ್ದ ಆ್ಯಪನ್ನೇ ತೆರೆದು ತೋರಿಸಿದ. ಆಂಡ್ರಾಯ್ಡಿಗೆ ಆ್ಯಪ್ ಬರೆಯುವವರು ಬಳಸುವ ಪಿಕಾಸೊ ಅನ್ನುವ ಸಾಮಾನು ಒಂದಿದೆ. ಸ್ಕ್ವೇರ್ ಕಂಪನಿಯವರು 2013ರಲ್ಲಿ ಹೊರಗೆ ಬಿಟ್ಟದ್ದು. ಅದರಲ್ಲಿ ಒಂದು ಕಿಂಡಿ ತೆಗೆದರೆ ಪ್ರತಿ ಚಿತ್ರದ ಎಡಮೂಲೆಯಲ್ಲಿ ಬಣ್ಣದ ಒಂದು ತ್ರಿಕೋನ ಮೂಡುತ್ತದೆ. ಕೆಂಪು ಬಂದರೆ ಈಗಷ್ಟೇ ನೆಟ್‌ನಿಂದ ಇಳಿಯಿತು ಅಂತ. ನೀಲಿ ಬಂದರೆ ಫೋನಿನ ಸ್ಟೋರೇಜಿನಿಂದ ಎದ್ದು ಬಂತು ಅಂತ. ಹಸಿರಾದರೆ ಇನ್ನೂ ಹತ್ತಿರ, ಓಡುತ್ತಿರುವ ಮೆಮೊರಿಯಲ್ಲೇ ಕೂತಿತ್ತು ಅಂತ. ಮೊದಲು ತೆರೆದಾಗ ಪರದೆಯೆಲ್ಲ ಕೆಂಪು ಕೆಂಪು. ಕೆಳಗೆಳೆದು ಮೇಲೆ ಬಂದರೆ ಹಸಿರು. ಆ್ಯಪು ಮುಚ್ಚಿ ತೆರೆದರೆ ಎಲ್ಲ ನೀಲಿ. ಹುಡುಗ ಫೋನಿನ ಡೇಟಾ ಆರಿಸಿದ, ಚಿತ್ರಗಳು ಕದಲಲಿಲ್ಲ. ಮಾವ ಕನ್ನಡಕ ಮೇಲೆತ್ತಿ ಆ ತ್ರಿಕೋನಗಳನ್ನು ಲಾಟು ನೋಡುವವರ ಹಾಗೆ ನೋಡಿದರು. “ಸರ್ಕಾರದ ಟ್ರಾಫಿಕ್ ಲೈಟಿಗಿಂತ ಇದು ನೆಟ್ಟಗೈತೆ” ಅಂದರು.

ನಮ್ಮ ಕಡೆ ಈ ನೀಲಿ ಬಣ್ಣಕ್ಕೆ ಬೆಲೆ ಜಾಸ್ತಿ. ಪಟ್ಟಣ ಬಿಟ್ಟು ಹೊಳಗುಂದದ ದಾರಿಯೋ ಕೌತಾಳದ ದಾರಿಯೋ ಹಿಡಿದರೆ ನೆಟ್‌ವರ್ಕಿನ ಕಡ್ಡಿಗಳು ನಾಲ್ಕಿದ್ದದ್ದು ಎರಡು, ಎರಡಿದ್ದದ್ದು ಒಂದು. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಕೋಸಿಗಿ ಕಡೆಯ ಮನೆಗಳಿಗೆ ಬೀಗ ಬೀಳುತ್ತದೆ. ಜನ ಗಂಟುಮೂಟೆ ಕಟ್ಟಿ ಗುಂಟೂರಿನ ಕಡೆ ಸುಗ್ಗಿಗೆ ಹೊರಡುತ್ತಾರೆ. ಮೆಣಸಿನಕಾಯಿ ಹೊಲದ ಬದುವಿನಲ್ಲಿ ಕೂತು, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟುಬಂದ ಮಗಳ ಮುಖ ನೋಡಬೇಕೆಂದು ಒಬ್ಬ ತಾಯಿ ಫೋನು ತೆರೆದರೆ, ಕರೆ ಹತ್ತುವುದಿಲ್ಲ, ವೀಡಿಯೊ ಹತ್ತುವುದಿಲ್ಲ. ಆದರೆ ಡಿಪಿಯಲ್ಲಿ ಎರಡು ಜಡೆಯ ಹುಡುಗಿ ನಗುತ್ತಾ ಕೂತಿರುತ್ತಾಳೆ. ಅವಳನ್ನು ಅಲ್ಲಿ ಕೂರಿಸಿದ್ದು ಕ್ಯಾಶು. ತೊಂದರೆ ಕೊಡುತ್ತದೆ ಅಂತ ಬೈಯುವ ಮುಂಚೆ ಇದೊಂದು ಪುಣ್ಯವನ್ನು ಅದರ ಖಾತೆಗೆ ಜಮಾ ಮಾಡಬೇಕು.

ಇನ್ನು ಬೈಯೋಣ.

ಮೊದಲನೆಯದು, ತೂಕದ ಪಂಚಾಯ್ತಿ. ಈಗಿನ ಕ್ಯಾಮೆರಾ ತೆಗೆಯುವ ಹನ್ನೆರಡು ಮೆಗಾಪಿಕ್ಸೆಲ್ ಫೋಟೋ ಅಂದರೆ ಅಡ್ಡ 4000, ಉದ್ದ 3000 ಚುಕ್ಕಿ. ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಜೆಪೆಗ್ ಕಡತವಾಗಿ ಮಡಚಿಟ್ಟಾಗ ಅದು ಮೂರು ನಾಲ್ಕು ಎಂಬಿಗೆ ಮುದುರಿಕೊಂಡಿರುತ್ತದೆ. ಪರದೆಗೆ ತರಬೇಕಾದರೆ ಬಿಚ್ಚಬೇಕು, ಬಿಚ್ಚಿದರೆ ಚುಕ್ಕಿಗೆ ನಾಲ್ಕು ಬೈಟಿನಂತೆ 4 ಕೋಟಿ 80 ಲಕ್ಷ ಬೈಟು. ಅಂದರೆ 48 ಎಂಬಿ. ಹೆಬ್ಬೆಟ್ಟಿನಷ್ಟು ಜಾಗದಲ್ಲಿ ತೋರಿಸುವ ಡಿಪಿಗೆ 150 ಅಡ್ಡ 150 ಚುಕ್ಕಿ ಸಾಕು. ಅದು ಬಿಚ್ಚಿದರೂ 90 ಸಾವಿರ ಬೈಟು ದಾಟುವುದಿಲ್ಲ. ಆದರೂ ಕೆಲವು ಆ್ಯಪಿನವರು ಹೆಬ್ಬೆಟ್ಟಿನ ಜಾಗಕ್ಕೆ ಪೂರ್ತಿ ಫೋಟೋವನ್ನೇ ಬಿಚ್ಚಿ ಹಾಸುತ್ತಾರೆ. ಐನೂರು ಪಟ್ಟಿನ ಕೆಲಸ ಮಾಡಿ ಫಲ ಸೊನ್ನೆ. ಮೊಮ್ಮಗ ಹೇಳುವ ಪ್ರಕಾರ ಒಳ್ಳೆಯ ಆ್ಯಪು ಮೊದಲು ಅಳತೆ ನೋಡಿ, ಬೇಕಾದಷ್ಟೇ ಗಾತ್ರಕ್ಕೆ ಇಳಿಸಿ, ಇಳಿಸಿದ್ದನ್ನೇ ಇಟ್ಟುಕೊಳ್ಳುತ್ತದೆ. “ಅದಕ್ಕೇ ಕಾಟಾ ಕಲೀಬೇಕು ಅನ್ನಾದು” ಅಂತ ಮಾವ ಈ ಗೆಲುವನ್ನು ತಮ್ಮ ಖಾತೆಗೆ ಬರೆದುಕೊಂಡರು.

ಎರಡನೆಯದು, ಡಬ್ಬಿಯ ಪಂಚಾಯ್ತಿ. ಸಣ್ಣಪುಟ್ಟ ಆ್ಯಪುಗಳಲ್ಲಿ ಎಷ್ಟೋ ನಿಜವಾದ ಆ್ಯಪುಗಳಲ್ಲ. ಒಂದು ವೆಬ್ ಪುಟಕ್ಕೆ ಮೇಲಂಗಿ ತೊಡಿಸಿ ಬೀದಿಗೆ ಬಿಟ್ಟವು. ವೆಬ್ ಪುಟಕ್ಕೆ ಅಂತ ಬ್ರೌಸರು ಕೊಡುವ ಲೋಕಲ್ ಸ್ಟೋರೇಜ್ ಅನ್ನುವ ಡಬ್ಬಿ ಇದೆ. ಅದರಲ್ಲಿ ಹಿಡಿಯುವುದು ಸುಮಾರು 5 ಎಂಬಿ, ಅದೂ ಅಕ್ಷರ ಮಾತ್ರ. ಹೆಸರು, ಭಾಷೆ, ನೀವು ಕೊನೆಗೆ ನೋಡಿದ ಪುಟ, ಇಂಥ ಚಿಲ್ಲರೆ ಇಡಲು ಮಾಡಿದ್ದು. ನಮ್ಮ ಪ್ರಚಂಡರು ಚಿತ್ರವನ್ನು ಬೇಸ್64 ಅನ್ನುವ ರೀತಿಯಲ್ಲಿ ಅಕ್ಷರವಾಗಿಸಿ ಅದೇ ಡಬ್ಬಿಗೆ ತುರುಕುತ್ತಾರೆ. ಮೂರು ಬೈಟು ನಾಲ್ಕು ಅಕ್ಷರವಾಗುತ್ತದೆ; ಅಂದರೆ ಮೂರು ಚಿತ್ರದ ತೂಕಕ್ಕೆ ನಾಲ್ಕು ಚಿತ್ರದ ಬಾಡಿಗೆ. ಎರಡು ಮೂರು ಫೋಟೋ ತುಂಬುವಷ್ಟರಲ್ಲಿ ಡಬ್ಬಿ ಬಾಯಿ ಬಿಡುತ್ತದೆ. ಚಿತ್ರವನ್ನು ಚಿತ್ರವಾಗಿಯೇ ಕಡತದಲ್ಲಿ ಇಟ್ಟು, ಅದು ಎಲ್ಲಿದೆ ಅನ್ನುವ ಒಂದು ಸಾಲು ಮಾತ್ರ ಡಬ್ಬಿಯಲ್ಲಿ ಬರೆದಿಟ್ಟರೆ ಮುಗಿಯುತ್ತಿತ್ತು. ಅಷ್ಟು ಸಲೀಸಾಗಿ ಮುಗಿದರೆ ಅದು ಸಾಫ್ಟ್‌ವೇರ್ ಹೇಗಾದೀತು?

ಮೂರನೆಯದು, ಬಿಡುವ ಪಂಚಾಯ್ತಿ. ನಮಗೂ ಯಂತ್ರಕ್ಕೂ ನಿಜವಾದ ಜಗಳ ಇರುವುದು ಇಲ್ಲಿ. ಇಡುವುದಕ್ಕೆ ಬುದ್ಧಿ ಬೇಡ; ಬಿಡುವುದಕ್ಕೆ ಬೇಕು. ಗ್ಲೈಡ್ ಅನ್ನುವ ಇನ್ನೊಂದು ಚಿತ್ರ ತರುವ ಸಾಮಾನು ತನಗೆ ತಾನೇ 250 ಎಂಬಿಯ ಗಡಿ ಹಾಕಿಕೊಂಡಿರುತ್ತದೆ. ಗಡಿ ಮುಟ್ಟಿತೆಂದರೆ, ಯಾವ ಚಿತ್ರವನ್ನು ಕೇಳದೆ ಬಹಳ ದಿನವಾಯಿತೋ ಅದನ್ನು ಹೊರಗೆ ಹಾಕಿ ಹೊಸದನ್ನು ಒಳಗೆ ಬಿಡುತ್ತದೆ. ಇದಕ್ಕಿಂತ ಒಳ್ಳೆಯ ನಿಯಮ ಉಂಟೇ? ಉಂಟು. 1966ರಲ್ಲಿ ಐಬಿಎಂನ ಲಾಸ್ಲೋ ಬೆಲಾಡಿ ಅನ್ನುವವರು ಲೆಕ್ಕ ಹಾಕಿ ಅದನ್ನು ತೋರಿಸಿದರು: ಮುಂದೆ ಎಲ್ಲಕ್ಕಿಂತ ತಡವಾಗಿ ಯಾವುದು ಬೇಕಾಗುತ್ತದೋ ಅದನ್ನು ಮೊದಲು ಬಿಸಾಡು. ಇದರ ಮುಂದೆ ಮಿಕ್ಕ ನಿಯಮವೆಲ್ಲ ಸಪ್ಪೆ. ಇರುವುದು ಒಂದೇ ತೊಡಕು, ಮುಂದಾಗುವುದು ಗೊತ್ತಿರಬೇಕು. “ಅಷ್ಟು ಗೊತ್ತಿದ್ರೆ ನಾನು ಹತ್ತಿ ದಲಾಲಿ ಯಾಕೆ ಮಾಡ್ತಿದ್ದೆ?” ಅಂದರು ಮಾವ. ಅದಕ್ಕೇ ಯಂತ್ರ ಮುಂದಿನದನ್ನು ಬಿಟ್ಟು ಹಿಂದಿನದನ್ನು ನೋಡುತ್ತದೆ. ಇಷ್ಟು ದಿನ ಕೇಳದ್ದನ್ನು ಇನ್ನು ಮುಂದೆಯೂ ಕೇಳಲಾರರು ಅನ್ನುವ ಅಂದಾಜಿನ ಮೇಲೆ ಬದುಕುತ್ತದೆ.

ನಾವೋ, ಕೇಳದ್ದನ್ನೂ ಬಿಡುವುದಿಲ್ಲ. ಮಾವನ ಗ್ಯಾಲರಿಯಲ್ಲಿ ಜಮೀನಿನ ಪಾಸ್‌ಬುಕ್ಕಿನ ಫೋಟೋ ಹುಡುಕುವುದೆಂದರೆ ಮುಂಗಾರಿನ ಮೊದಲ ಮಳೆ ಬಿದ್ದಮೇಲೆ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಬಗ್ಗಿ ಬಗ್ಗಿ ವಜ್ರ ಹುಡುಕಿದ ಹಾಗೆಯೇ. ಅಲ್ಲಿ ಅದೃಷ್ಟವಿದ್ದವರಿಗಾದರೂ ಸಿಗುತ್ತದೆ ಅನ್ನುತ್ತಾರೆ. ಇಲ್ಲಿ ಬೆರಳು ಸವೆದರೂ ಸಿಗುವುದು ಗುಲಾಬಿಯೇ.

ಸ್ಟೇಟಸ್ಸಿನ ಕತೆಯಂತೂ ಕೇಳಲೇಬೇಡಿ. ವಾಟ್ಸಾಪಿನಲ್ಲಿ ಹಾಕಿದ ಸ್ಟೇಟಸ್ 24 ಗಂಟೆಗೆ ತಾನೇ ಅಳಿಯುತ್ತದೆ ಅಂತ ಜನ ಧೈರ್ಯವಾಗಿ ಹಾಕುತ್ತಾರೆ. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ. ಕೋಲು ಕೋಲು ತಾಗುವ ವೀಡಿಯೊ ಬೆಳಗಾಗುವಷ್ಟರಲ್ಲಿ ಸೀಮೆಯ ಎಲ್ಲರ ಸ್ಟೇಟಸ್ಸಿನಲ್ಲಿ. ಮಾರನೆಯ ದಿನ ಹಾಕಿದವನ ಹತ್ತಿರ ಅದು ಇರುವುದಿಲ್ಲ, ಮಾವನ ಹತ್ತಿರ ಇರುತ್ತದೆ! ಹೇಗೆ? ನೀವು ಬೇರೆಯವರ ಸ್ಟೇಟಸ್ ನೋಡಿದಿರಿ ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಅದು ಆಗಲೇ ನಿಮ್ಮೊಳಗೆ ಇಳಿದಾಯಿತು. ಹೆಸರಿನ ಮುಂದೆ ಚುಕ್ಕಿ ಇಟ್ಟ ಒಂದು ಫೋಲ್ಡರಿನಲ್ಲಿ ಕೂತಿರುತ್ತದೆ. ಚುಕ್ಕಿಯಿಂದ ಶುರುವಾಗುವ ಹೆಸರು ಕಣ್ಣಿಗೆ ಬೀಳಬಾರದು ಅನ್ನುವುದು ಅಲ್ಲಿಯ ವಾಡಿಕೆ. ‘ಸ್ಟೇಟಸ್ ಸೇವರ್’ ಅಂತ ಜಾಹೀರಾತು ತೋರಿಸಿ ತೋರಿಸಿ ದುಡಿಯುವ ಆ್ಯಪುಗಳು ಯಾವ ಮಾಟವನ್ನೂ ಮಾಡುವುದಿಲ್ಲ; ನಿಮ್ಮದೇ ಫೋನಿನ ಆ ಚುಕ್ಕಿಯ ಫೋಲ್ಡರಿಗೆ ಕೈ ಹಾಕಿ, ಇದ್ದದ್ದನ್ನೇ ಇನ್ನೊಂದು ಪ್ರತಿ ಮಾಡಿ, “ತಗೊಳ್ಳಿ” ಅಂತ ಕೊಡುತ್ತವೆ. ಮಾವನಿಗೆ ಇದು ಅರ್ಥವಾದಾಗ ಮುಖ ನೋಡಬೇಕಿತ್ತು. ದಲಾಲಿಗೇ ದಲಾಲಿ!

ಇಲ್ಲಿಯ ತನಕ ನಗುವ ಮಾತು. ಇನ್ನೆರಡು ಮಾತಿಗೆ ನಮ್ಮ ಮಾರ್ಕೆಟ್ಟಿನಲ್ಲಿ ಯಾರೂ ನಗಲಿಲ್ಲ.

ಒಂದು ಆ್ಯಪು ಅವತ್ತಿನ ಹತ್ತಿ ರೇಟಿನ ಬೋರ್ಡನ್ನು ಫೋಟೋ ಹೊಡೆದು ತೋರಿಸುತ್ತಿತ್ತು. ದಿನವೂ ಹೊಸ ಬೋರ್ಡು, ಆದರೆ ಕಡತಕ್ಕೆ ದಿನವೂ ‘ಟುಡೇ’ ಅಂತ ಅದೇ ಹೆಸರು. ವಿಳಾಸ ಬದಲಾಗದಿದ್ದರೆ ಫೋನಿಗೆ ಅದು ಅದೇ ಚಿತ್ರ. ಒಳಗಿದ್ದ ಹಳೆಯದನ್ನು ಎತ್ತಿ ತೋರಿಸಿತು. ಕೌತಾಳ ಕಡೆಯ ರೈತರು ಮೊನ್ನೆಯ ರೇಟು ನೋಡಿಕೊಂಡು ಇವತ್ತು ಗಾಡಿ ಕಟ್ಟಿಸಿದರು. ಇಲ್ಲಿ ಬಂದು ಹರಾಜು ಕೂಗಿದಾಗ ರೇಟು ಬೇರೆ. ಬೈಗುಳ ಬಿದ್ದದ್ದು ಮಾತ್ರ ದಲಾಲಿಗಳಿಗೆ. ಮಾಡಬೇಕಾದದ್ದು ದೊಡ್ಡದೇನಲ್ಲ. ಸರ್ವರು ಪ್ರತಿ ಚಿತ್ರಕ್ಕೆ ಒಂದು ಗುರುತು ಚೀಟಿ ಕಟ್ಟಿ ಕಳಿಸಬಹುದು. ಮುಂದಿನ ಸಲ ಆ್ಯಪು “ನನ್ನ ಹತ್ತಿರ ಇಂಥ ಚೀಟಿಯದು ಐತೆ, ಬದಲಾಗೈತಾ?” ಅಂತ ಕೇಳಬೇಕು. ಬದಲಾಗಿಲ್ಲವಾದರೆ ಸರ್ವರು ಚಿತ್ರ ಕಳಿಸದೆ 304 ಅನ್ನುವ ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಬದಲಾಗಿದ್ದರೆ ಹೊಸದು ಬರುತ್ತದೆ. ಇಲ್ಲವೇ ದಿನವೂ ತಾರೀಖು ಸೇರಿಸಿ ಹೊಸ ಹೆಸರಿಟ್ಟರೂ ಆದೀತು. ಎರಡೂ ಮಾಡದೆ, ‘ಈ ಚಿತ್ರ 3,15,36,000 ಸೆಕೆಂಡು ತಾಜಾ’ ಅಂತ ಸರ್ವರಿನಲ್ಲಿ ಬರೆದು ಮಲಗಿದರೆ? ಲೆಕ್ಕ ಹಾಕಿ ನೋಡಿ, ಸರಿಯಾಗಿ ಒಂದು ವರ್ಷ. ಗುಲಾಬಿಗಾದರೆ ಸರಿ. ಹತ್ತಿಯ ರೇಟು ವರ್ಷವಿರಲಿ, ಮಧ್ಯಾಹ್ನದ ಊಟದ ತನಕ ತಾಜಾ ಉಳಿದರೆ ರಾಯರ ದಯೆ.

ಇನ್ನೊಂದು ಆ್ಯಪಿನದು ತಿರುವುಮುರುವು. ಅದರಲ್ಲಿ ರೈತರು ತೂಕದ ಚೀಟಿಯ ಫೋಟೋ ಹೊಡೆದು ಇಡಬಹುದಿತ್ತು. ಬರೆದವನು ಆ ಫೋಟೋಗಳನ್ನು ಇಟ್ಟದ್ದು ಕ್ಯಾಶಿನ ಫೋಲ್ಡರಿನಲ್ಲಿ. ಸರ್ವರಿಗೆ ಕಳಿಸಿಯೂ ಇರಲಿಲ್ಲ. ಕ್ಯಾಶಿನ ಫೋಲ್ಡರು ಅಂದರೆ ಕಳೆದರೂ ನಷ್ಟವಿಲ್ಲದ್ದು ಅನ್ನುವ ಒಪ್ಪಂದ. ಫೋನಿನಲ್ಲಿ ಜಾಗ ಕಡಿಮೆಯಾದರೆ ಆಂಡ್ರಾಯ್ಡು ಯಾರನ್ನೂ ಕೇಳದೆ ಅಲ್ಲಿಗೆ ನುಗ್ಗಿ ಗುಡಿಸುತ್ತದೆ, ಐಫೋನೂ ಅಷ್ಟೆ. ಫೋನು ಗುಲಾಬಿಗಳಿಂದ ತುಂಬಿತು, ಯಂತ್ರ ಪೊರಕೆ ಹಿಡಿಯಿತು, ಚೀಟಿಗಳು ಹೋದವು, ಗುಲಾಬಿಗಳು ಉಳಿದವು! ಯಾಕೆಂದರೆ ಗುಲಾಬಿಗಳು ಗ್ಯಾಲರಿಯಲ್ಲಿ ಆಸ್ತಿಯ ಹಾಗೆ ಕೂತಿದ್ದವು, ತೂಕದ ಚೀಟಿ ಕಸದ ಹಾಗೆ ಕ್ಯಾಶಿನಲ್ಲಿ. ಮೊಮ್ಮಗ ಇದನ್ನು ಕೇಳಿ ಮಾತೇ ಆಡಲಿಲ್ಲ. ಅವನ ವೃತ್ತಿಯವರ ಮರ್ಯಾದೆಯ ಪ್ರಶ್ನೆ. ಕೊನೆಗೆ ಒಂದೇ ಮಾತು ಹೇಳಿದ: “ತಾತ, ಮತ್ತೆ ಸಿಗೋದನ್ನ ಕ್ಯಾಶಿನಾಗೆ ಇಡಬೇಕು. ಮತ್ತೆ ಸಿಗದ್ದನ್ನ ಅಲ್ಲಿ ಇಡಬಾರದು.”

ಇಡೀ ಶಾಸ್ತ್ರವೇ ಇಷ್ಟು. ನಾವು ಮಾಡುವುದು ಪೂರಾ ಉಲ್ಟಾ. ನಾಳೆ ಬೆಳಿಗ್ಗೆ ಬೇಡವೆಂದರೂ ಮತ್ತೆ ಬರುವ ಗುಲಾಬಿಯನ್ನು ಜೋಪಾನ ಮಾಡುತ್ತೇವೆ. ಸತ್ತ ಅಕ್ಕನ ಒಂದೇ ಒಂದು ಫೋಟೋವನ್ನು ಯಾರದೋ ಬಳಗದ ಚಾಟಿನಲ್ಲಿ ಬಿಟ್ಟು, ಬೇಕಾದಾಗ ಮೇಲಕ್ಕೆ ಎಳೆದರಾಯಿತು ಅಂದುಕೊಳ್ಳುತ್ತೇವೆ. ಜಾಗ ಮಾಡಲು ಸೆಟ್ಟಿಂಗ್ಸಿಗೆ ಹೋದವರು ‘ಕ್ಲಿಯರ್ ಕ್ಯಾಶ್’ ಒತ್ತಲು ಹೆದರಿ, ಪಕ್ಕದ ‘ಕ್ಲಿಯರ್ ಡೇಟಾ’ ಒತ್ತುತ್ತಾರೆ. ಮೊದಲನೆಯದರಿಂದ ಹೋಗುವುದು ನೆಟ್‌ನಿಂದ ಮತ್ತೆ ಇಳಿಯುವ ಸಾಮಾನು ಮಾತ್ರ. ಎರಡನೆಯದರಿಂದ ಆ ಆ್ಯಪು ನಿಮ್ಮನ್ನೇ ಮರೆಯುತ್ತದೆ, ಲಾಗಿನ್ನಿನಿಂದ ಹಿಡಿದು ಒಳಗೆ ಉಳಿಸಿದ್ದರ ತನಕ ಎಲ್ಲ ಸೊನ್ನೆ. ಹೆದರಬೇಕಾದ ಕಡೆ ಧೈರ್ಯ, ಧೈರ್ಯ ಬೇಕಾದ ಕಡೆ ಹೆದರಿಕೆ.

ಹಳಸಿದ ಪ್ರತಿಯ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಮಾವನ ಹಿರಿಯಕ್ಕ ಬದುಕಿರುವ ತನಕ ಯಾರಾದರೂ ಊರು ಕೇಳಿದರೆ “ಬಳ್ಳಾರಿ ಜಿಲ್ಲೆ, ಆದವಾನಿ ತಾಲೂಕು” ಅನ್ನುತ್ತಿದ್ದರು. ದೊಡ್ಡಮ್ಮ, ಜಿಲ್ಲೆ ಬದಲಾಗಿ ಎಷ್ಟೋ ಕಾಲವಾಯ್ತು ಅಂದರೆ “ನನ್ನನ್ನ ಕೇಳಿ ಬದಲಾಯಿಸಿದ್ರೇನು?” ಅನ್ನುವ ಉತ್ತರ. ಗುರುತು ಚೀಟಿ ಹಿಡಿದು ಸರ್ವರನ್ನು ಕೇಳುವ ಪದ್ಧತಿ ಅವರಿಗಿರಲಿಲ್ಲ.

ಪಾಪ, ಕೇಳಿದ್ದರೂ ಸರ್ವರು ಏನಂತ ಹೇಳಬೇಕಿತ್ತು? ನಮ್ಮ ರಾಜ್ಯದ ರಾಜಧಾನಿಯ ಚಿತ್ರವನ್ನು ಒಂದು ಆ್ಯಪು ಕ್ಯಾಶು ಮಾಡಿಟ್ಟಿತು ಅಂತ ಇಟ್ಟುಕೊಳ್ಳಿ. 1953ರಲ್ಲಿ ಕರ್ನೂಲು. 1956ರ ನವೆಂಬರಿನಲ್ಲಿ ಹೈದರಾಬಾದು. 2014ರ ಜೂನ್ 2ಕ್ಕೆ ತೆಲಂಗಾಣ ಬೇರೆಯಾದಾಗ ಅದೇ ಹೈದರಾಬಾದು ಹತ್ತು ವರ್ಷದ ಮಟ್ಟಿಗೆ ಇಬ್ಬರಿಗೂ. ಎಕ್ಸ್‌ಪೈರಿ ಡೇಟು ಬರೆದ ರಾಜಧಾನಿ ಅದೊಂದೇ ಇರಬೇಕು. 2015ರ ಅಕ್ಟೋಬರಿನಲ್ಲಿ ಅಮರಾವತಿಗೆ ಶಂಕುಸ್ಥಾಪನೆ. 2020ರಲ್ಲಿ ಮೂರು ರಾಜಧಾನಿಯ ಕಾಯ್ದೆ, ಅದರಲ್ಲಿ ನಮ್ಮ ಕರ್ನೂಲಿಗೆ ನ್ಯಾಯದ ಪಾಲು. 2021ರ ನವೆಂಬರಿನಲ್ಲಿ ಆ ಕಾಯ್ದೆ ವಾಪಸು. 2024ರಲ್ಲಿ ಸರ್ಕಾರ ಬದಲಾಯಿತು, ಮತ್ತೆ ಅಮರಾವತಿ. ಈ ನಡುವೆ 2022ರ ಏಪ್ರಿಲ್ 4ರಂದು ಜಿಲ್ಲೆಯನ್ನೂ ಹೋಳು ಮಾಡಿ ನಂದ್ಯಾಲ ಬೇರೆ ಮಾಡಿದರು. ಶ್ರೀಶೈಲವೂ ಅಹೋಬಲವೂ ಅಲ್ಲಿಗೆ ಹೋದವು, ಮಂತ್ರಾಲಯ ನಮಗೆ ಉಳಿಯಿತು. ಇಂಥ ರಾಜ್ಯಕ್ಕೆ ಆ್ಯಪು ಬರೆಯುವ ಹುಡುಗ ವರ್ಷದ ಗಡುವು ಇಟ್ಟರೆ ಕೆಟ್ಟ. ಚುನಾವಣೆಯಿಂದ ಚುನಾವಣೆಗೆ ಇಟ್ಟುಕೊಳ್ಳುವುದು ಕ್ಷೇಮ.

ಹಳಸಿದ ಪ್ರತಿ ತೋರಿಸುವುದರಲ್ಲಿ ಯಂತ್ರಕ್ಕಿಂತ ಮನುಷ್ಯ ಒಂದು ಕೈ ಮೇಲೆ. ಉದ್ಯೋಗ ಖಾತ್ರಿಯ ಕೂಲಿಗೆ ಫೋಟೋ ಹಾಜರಿಯ ಆ್ಯಪು ಬಂತಲ್ಲ, ಎನ್ಎಂಎಂಎಸ್ ಅಂತ. 2023ರ ಜನವರಿ 1ರಿಂದ ಅದು ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು ಮಿಕ್ಕ ಎಲ್ಲ ಕಾಮಗಾರಿಗೂ ಕಡ್ಡಾಯವಾಯಿತು. ದಿನಕ್ಕೆರಡು ಸಲ, ಕೂಲಿಗಳೆಲ್ಲ ಕೆಲಸದ ಜಾಗದಲ್ಲಿ ನಿಂತಿರುವ ಫೋಟೋ. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳಿಗೆಲ್ಲ ಪತ್ರ ಬರೆಯಬೇಕಾಯಿತು. ದೂರಿನ ಪಟ್ಟಿಯಲ್ಲಿ ಒಂದು ಬಾಬತ್ತು: ಕೂಲಿಗಳ ಫೋಟೋ ತೆಗೆಯುವ ಬದಲು, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ! ನಿನ್ನೆಯ ಚಿತ್ರವನ್ನೇ ಇವತ್ತು ತೋರಿಸುವ ಕೆಲಸವನ್ನು ಫೋನು ಮಾಡಿದರೆ ತಂತ್ರಜ್ಞಾನ, ಕೂಲಿಗಳ ಹಾಜರಿ ಹಾಕುವ ಮೇಟ್ ಮಾಡಿದರೆ ಮೋಸ. ಹುಡುಗನಿಗೆ ಇದನ್ನು ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಗಂಭೀರನಾಗಿ, “ಇನ್ವ್ಯಾಲಿಡೇಶನ್, ಅಂದ್ರೆ ಹಳೇ ಪ್ರತಿ ರದ್ದು ಮಾಡೋದು, ಸರಿ ಮಾಡಿಲ್ಲ ಅವರು” ಅಂದ.

ಹಾಗಂತ ಪ್ರತಿ ಇಡುವ ಉಪಾಯ ಕೆಟ್ಟದ್ದೇನಲ್ಲ, ಹೊಸದೂ ಅಲ್ಲ. ನಮ್ಮದೇ ಸೀಮೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ; 1929ರಲ್ಲಿ ಬೆಳಕಿಗೆ ಬಂದವು. ಅವನು ಕೂತದ್ದು ಪಾಟಲಿಪುತ್ರದಲ್ಲಿ. ಮಾತು ಕೇಳಬೇಕಾದವರು ಅಲ್ಲಿಗೆ ಹೋಗಿ ಕೇಳಿ ಬರುವಂತಿಲ್ಲ. ಅದಕ್ಕೇ ಎರ್ರಗುಡಿಯಲ್ಲೊಂದು ಪ್ರತಿ, ಮಸ್ಕಿಯಲ್ಲೊಂದು, ಬ್ರಹ್ಮಗಿರಿಯಲ್ಲೊಂದು. ಜನ ಇದ್ದ ಕಡೆ ಮಾತನ್ನು ಇಳಿಸಿಟ್ಟ. ಎರ್ರಗುಡಿಯ ಕಿರುಶಾಸನದಲ್ಲಿ ಕೆತ್ತುವವನು ಕೆಲವು ಸಾಲನ್ನು ಎಡದಿಂದ ಬಲಕ್ಕೆ, ಕೆಲವನ್ನು ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಸರ್ವರಿನಿಂದ ಇಳಿಯುವಾಗ ಏನೋ ಎಡವಟ್ಟಾಗಿದೆ ಅನ್ನೋಣ. ಆದರೂ ಆ ಮಾತು ಎರಡು ಸಾವಿರ ವರ್ಷಕ್ಕೂ ಮೇಲೆ ಉಳಿಯಿತು. ಅಶೋಕನಿಗೆ ಯಾವುದನ್ನು ಬಂಡೆಯ ಮೇಲೆ ಇಡಬೇಕು ಅನ್ನುವುದು ಗೊತ್ತಿತ್ತು. ದಿನವೂ ಬೆಳಿಗ್ಗೆ ಎದ್ದು ‘ಸಮಸ್ತ ಪ್ರಜೆಗಳಿಗೆ ಶುಭೋದಯ’ ಅಂತ ಕೆತ್ತಿಸಲಿಲ್ಲ.

ಕೊನೆಗೆ ಮೊಮ್ಮಗ ತಾತನನ್ನು ಕೂರಿಸಿಕೊಂಡು ಎರಡು ರಾಶಿ ಮಾಡಿಸಿದ. ಮತ್ತೆ ಸಿಗುವುದು ಒಂದು ಕಡೆ, ಮತ್ತೆ ಸಿಗದ್ದು ಒಂದು ಕಡೆ. ಪಾಸ್‌ಬುಕ್ಕು, ತೂಕದ ಚೀಟಿ, ಮಾವ ಅತ್ತೆ ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ಗಂಟುಮುಖ ಹಾಕಿಕೊಂಡು ತೆಗೆಸಿದ ಪಟದ ಫೋಟೋ, ಇವೆಲ್ಲ ಎರಡನೆಯ ರಾಶಿಗೆ. ಅದನ್ನು ಇನ್ನೂ ಎರಡು ಕಡೆ ಪ್ರತಿ ಮಾಡಿಟ್ಟ. ಮಿಕ್ಕದ್ದೆಲ್ಲ ಮೊದಲನೆಯ ರಾಶಿಗೆ. ವಾಟ್ಸಾಪಿನಲ್ಲಿ ಚಿತ್ರಗಳು ತಾವಾಗಿಯೇ ಇಳಿಯುವುದನ್ನು ನಿಲ್ಲಿಸಿದ. ಎಲ್ಲ ಸುಲಭವಾಗಿ ನಡೆಯಿತು ಅನ್ನುವಷ್ಟರಲ್ಲಿ ಗುರುವಾರಗಳ ರಾಯರು ಎದುರಾದರು. ಒಂದೇ ಬೃಂದಾವನದ ಚಿತ್ರ, ಲೆಕ್ಕವಿಲ್ಲದಷ್ಟು.

“ದೇವರನ್ನ ಡಿಲೀಟ್ ಮಾಡ್ತೀಯೇನೋ?” ಅಂದರು ಮಾವ, ಕಣ್ಣು ಅಗಲಿಸಿ.

“ರಾಯರು ಇಲ್ಲೇ ಮಂತ್ರಾಲಯದಾಗೆ ಅದಾರೆ ತಾತ. ಬಸ್ಸು ಹತ್ತಿದ್ರೆ ಸಿಗ್ತಾರೆ. ಕ್ಯಾಶು ಯಾಕೆ?”

ಮಾವ ತುಸು ಹೊತ್ತು ಯೋಚಿಸಿದರು. ಹತ್ತಿರವಿದ್ದದ್ದಕ್ಕೆ ಕ್ಯಾಶು ಬೇಡ ಅನ್ನುವುದು ದಲಾಲಿಯ ತಲೆಗೆ ಸರಿಯಾಗಿಯೇ ಹತ್ತಿತು. ಒಂದನ್ನು ಉಳಿಸಿಕೊಂಡು ಉಳಿದವಕ್ಕೆ ಕೈಮುಗಿದರು, ಹುಡುಗ ಒತ್ತಿದ. ಫೋನು ಹಗುರವಾಗಿದೆ. ಈಗ ಅವರ ಗುಮಾನಿ ಮೊಮ್ಮಗನ ಮೇಲೆ: “ಅಷ್ಟೂ ಜಾಗ ಎಲ್ಲಿಂದ ತಂದ್ನೋ, ಇನ್ನೊಬ್ಬರ ಫೋನಿಂದ ಹೊಡೆದಿಲ್ಲ ತಾನೆ?”

ಓದಿದ ನಿಮ್ಮಲ್ಲಿ ಒಂದು ವಿನಂತಿ. ಈ ಪುಟವನ್ನು ಫೋಟೋ ಹೊಡೆದು ಬಳಗಕ್ಕೆ ಹಾಕುವ ಆಸೆ ಬಂದಿದ್ದರೆ ತಡೆದುಕೊಳ್ಳಿ. ಹರಟೆ ಮತ್ತೆ ಸಿಗುವ ಸಾಮಾನು. ಹಾಕಲೇಬೇಕೆಂದರೆ 150 ಅಡ್ಡ 150 ಚುಕ್ಕಿಗೆ ಇಳಿಸಿ ಹಾಕಿ. ಓದಲು ಬರುವುದಿಲ್ಲ, ಅಷ್ಟರಮಟ್ಟಿಗೆ ನನ್ನ ಮರ್ಯಾದೆಯೂ ಉಳಿಯುತ್ತದೆ.